ಅಕ್ಕ ಕೂರದ ಕುರ್ಚಿ

ಅಕ್ಕನಿಗೆಂದು ನಾನು ಮಾಡಿದ ಕುರ್ಚಿಯಲ್ಲಿ ಆ ಮಳೆಗಾಲವಿಡೀ ಅಕ್ಕನೊಬ್ಬಳನ್ನು ಬಿಟ್ಟು ಊರಿಗೆ ಊರೇ ಕೂತೆದ್ದಿತು. ಪಂಚಾಯತ್ ಮೆಂಬರು ಕೂತರು. ಬಿ.ಪಿ. ನೋಡಲು ಬಂದ ಆಶಾ ಕಾರ್ಯಕರ್ತೆ ಕೂತಳು. ಮದುವೆ ಕಾಗದ ಕೊಡಲು ಬಂದ ನೆಂಟರು ಕೂತರು. ಬೇರೆ ಯಾರದೋ ಮನೆ ಹುಡುಕಿಕೊಂಡು ದಾರಿ ತಪ್ಪಿ ಬಂದವನೊಬ್ಬ ಆರಾಮವಾಗಿ ಕೂತು, ಬೆಲ್ಲ ತಿಂದು ನೀರು ಕುಡಿದು ಹೋದ. ಬಂದವರಿಗೆಲ್ಲ ಅಕ್ಕ ಹೇಳುವುದು ಒಂದೇ ಮಾತು: "ತಮ್ಮ ಮಾಡಿದ್ದು. ಫ್ರಾನ್ಸಿನ ಮಾಡೆಲ್ ಅಂತೆ." ಹೇಳಿ, ನೋಯುವ ಮೊಣಕಾಲನ್ನು ಮರೆಸಿಕೊಂಡು ಬಾಗಿಲಿಗೆ ಆತು ನಿಂತಿರುತ್ತಿದ್ದಳು. ಅವಳು ಅದರಲ್ಲಿ ಕೂತೇ ಇಲ್ಲ ಎನ್ನುವುದು ಮನೆಯಲ್ಲಿ, ನೆರೆಕರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.

ನಾನು ಮರದ ಕೆಲಸದವನು. ಮೊಗ್ರಾಲಿನಲ್ಲಿ ಹೆದ್ದಾರಿ ಬದಿ ನನ್ನದೊಂದು ಶೆಡ್ಡು ಇದೆ. ಮನೆ ವರ್ಕಾಡಿಯಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಅಕ್ಕ. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅಲ್ಲಿಂದ ಮುಂದೆ ಅಕ್ಕನೇ ಅಮ್ಮ. ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ಬೀಡಿ ಕಟ್ಟಿಯೇ ನನ್ನನ್ನು ಗಲ್ಫಿಗೆ ಕಳಿಸಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನದ್ದೊಂದು ಆಗಲಿ" ಎಂದು ಮುಂದೆ ಹಾಕಿದಳು. ನನ್ನದು ಆಗುವಷ್ಟರಲ್ಲಿ ಅವಳನ್ನು ಕೇಳಿಕೊಂಡು ಬರುವವರೇ ಇರಲಿಲ್ಲ. ಇದನ್ನು ಹೇಳಿದರೆ ಜನ ಲೊಚಗುಟ್ಟುತ್ತಾರೆ, ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನನ್ನು ಪಾಪ ಅನ್ನುವವರು ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ನೋಡಬೇಕು.

ಊಟದ ಪಾತ್ರೆ ತೊಳೆದಾದ ಮೇಲೆ ನೆರೆಕರೆಯ ಮೂವರು ಹೆಂಗಸರು ಮೊರ, ಕತ್ತರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು ಹಿಡಿದುಕೊಂಡು ಬರುತ್ತಾರೆ. ಅಕ್ಕನೂ ಸೇರಿ ನಾಲ್ವರು. ಕೆಂಪು ಸಿಮೆಂಟಿನ ನೆಲದಲ್ಲಿ ಮುಖಕ್ಕೆ ಮುಖ ಹಾಕಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಸುರುಮಾಡಿದರೆಂದರೆ ಕೈ ಅದರಷ್ಟಕ್ಕೆ ಎಲೆ ಕತ್ತರಿಸುತ್ತದೆ, ಹೊಗೆಸೊಪ್ಪಿನ ಹುಡಿ ತುಂಬುತ್ತದೆ, ಸುತ್ತಿ ನೂಲು ಕಟ್ಟುತ್ತದೆ. ಬಾಯಿ ಊರಿನ ಕೆಲಸ ನೋಡಿಕೊಳ್ಳುತ್ತದೆ. ಯಾರ ಹುಡುಗಿಗೆ ಎಲ್ಲಿಂದ ಸಂಬಂಧ ಬಂತು, ಯಾರ ಬಾವಿಯ ನೀರು ಕೆಟ್ಟಿತು, ಯಾವ ಜೀಪಿನವ ಹೊಸ ಮನೆಗೆ ಅಡಿಪಾಯ ಹಾಕಿದ, ಎಲ್ಲವೂ ಅಲ್ಲಿ ಇತ್ಯರ್ಥ ಆಗಬೇಕು. ನಾನು ಗಲ್ಫಿನಿಂದ ಬಂದ ಮೇಲೆ "ಇನ್ನು ಬೀಡಿ ಸಾಕು ಅಕ್ಕ" ಎಂದಿದ್ದೆ. "ಮತ್ತೆ ಮಧ್ಯಾಹ್ನ ಎಂತ ಮಾಡುವುದು? ನಿನ್ನ ಮೋರೆ ನೋಡ್ತಾ ಕೂರುವುದಾ?" ಎಂದು ಕೇಳಿದಳು. ಮೋರೆಯ ಬಗ್ಗೆ ನನಗೂ ಅಂಥ ಭ್ರಮೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಅವಳ ಮೊಣಕಾಲು ಊದಿತು. ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ, ನೆಲದಲ್ಲಿ ಕೂರುವುದನ್ನು ಇವತ್ತಿಗೇ ನಿಲ್ಲಿಸಬೇಕು, ಇಲ್ಲದಿದ್ದರೆ ನಡೆಯುವುದೇ ಕಷ್ಟವಾದೀತು ಎಂದರು. ವಾಪಸು ಬರುವಾಗ ಬಸ್ಸು ತಲಪಾಡಿ ದಾಟಿತು. ಆಗ ಅಕ್ಕ ಕಿಟಕಿಯ ಹೊರಗೆ ನೋಡುತ್ತಲೇ, "ಹಾಗಾದ್ರೆ ಅವರು ಮೂವರು ಇನ್ನು ಯಾರ ಜಗಲಿಗೆ ಹೋಗ್ಬೇಕು?" ಎಂದಳು. ಕಾಲಿನ ಬಗ್ಗೆ ಒಂದು ಮಾತಿಲ್ಲ. ಅವಳ ಹೆದರಿಕೆ ಎಲ್ಲಿದೆ ಎಂದು ನನಗೆ ಆಗಲೇ ತಿಳಿಯಿತು.

ಮೊದಲು ಪ್ಲಾಸ್ಟಿಕ್ ಕುರ್ಚಿ ಹಾಕಿ ನೋಡಿದೆವು. ಬೀಡಿ ಸುತ್ತುವಾಗ ಮೊಣಕೈ ಎರಡೂ ಬದಿಗೆ ಅಗಲುತ್ತದೆ. ಕುರ್ಚಿಯ ಕೈಗೆ ಹೋಗಿ ಹೊಡೆಯುತ್ತದೆ. ಸ್ಟೂಲು ಹಾಕಿದರೆ ಬೆನ್ನಿಗೆ ಆಧಾರವಿಲ್ಲ. ಊಟದ ಮೇಜಿನ ಕುರ್ಚಿ ಎತ್ತರ, ಅಕ್ಕ ಗಿಡ್ಡ, ಕಾಲು ನೆಲಕ್ಕೆ ಸರಿಯಾಗಿ ಊರದೆ ಮೊರ ಮುಂದಕ್ಕೆ ಜಾರುತ್ತದೆ. "ನೋಡು, ಆಗುವುದಿಲ್ಲ ಮಾರಾಯ, ಕೈ ತಾಗ್ತದೆ" ಎಂದು ಅಕ್ಕ ಪ್ರತಿ ಸಲ ಕೆಳಗಿಳಿದು ನೆಲದಲ್ಲೇ ಕೂತಳು. ಇಳಿಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಆಗ ನನಗೆ ಆ ಫ್ರೆಂಚ್ ಪುಣ್ಯಾತ್ಮನ ನೆನಪಾಯಿತು.

ಶಾರ್ಜಾದಲ್ಲಿ ನಾನಿದ್ದದ್ದು ಹಳೆಯ ಪೀಠೋಪಕರಣಗಳನ್ನು ಸರಿಮಾಡುವ ಒಂದು ವರ್ಕ್‌ಶಾಪಿನಲ್ಲಿ. ದೊಡ್ಡ ದೊಡ್ಡ ವಿಲ್ಲಾಗಳಿಂದ ಮುರಿದ ಕುರ್ಚಿ, ಬಿರಿದ ಮೇಜು ಬರುತ್ತಿದ್ದವು. ಹೋದ ಹೊಸದರಲ್ಲಿ ಒಂದು ದಿನ ಒಂದು ಗಿಡ್ಡ ಕುರ್ಚಿ ಬಂತು. ಕೆತ್ತನೆ ಇಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಬುಡಕ್ಕೆ ಬರುತ್ತ ಸಪೂರವಾಗುವ, ಸ್ವಲ್ಪ ಹೊರಗೆ ವಾಲಿದ ನಾಲ್ಕು ಕಾಲು, ಕಾಲಿನ ತುದಿಗೆ ಹಿತ್ತಾಳೆಯ ಟೊಪ್ಪಿ, ಹಗುರವಾದ ಬೆನ್ನು. ಇದಕ್ಕೇ ಇಷ್ಟು ಜೋಪಾನವೇ ಎಂದು ತಾತ್ಸಾರದಿಂದಲೇ ಮಗುಚಿ ಹಾಕಿದೆ. ಅಡಿಭಾಗ ಮೇಲ್ಭಾಗದಷ್ಟೇ ನಯವಾಗಿತ್ತು. ಯಾರೂ ನೋಡದ ಕಡೆ ಅಷ್ಟು ಉಜ್ಜಿದವನು ಯಾರಪ್ಪಾ ಎಂದು ನಾನು ಆ ಮರವನ್ನು ಸವರುತ್ತ ಕೂತುಬಿಟ್ಟೆ.

ನಮ್ಮ ಫೋರ್‌ಮನ್ ಲೆಬನಾನಿನ ಒಬ್ಬ ಹಿರಿಯರು. ಅವರು ತಮ್ಮ ಹರುಕು ಹಿಂದಿಯಲ್ಲಿ ವಿವರಿಸಿದರು. ದೊಡ್ಡ ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಜನ ಸಣ್ಣ ಸಣ್ಣ ಹೊಸ ಮನೆಗಳಿಗೆ ಬಂದರಂತೆ. ಅಜ್ಜನ ಕಾಲದ ಮಣಭಾರದ ಕಪಾಟು, ಮಂಚ ಅಲ್ಲಿ ಹಿಡಿಸುತ್ತಿರಲಿಲ್ಲ. ಆಗ ಮನೆ ಅಲಂಕಾರ ಮಾಡುವ ಒಬ್ಬಾತ ಜನ ನಿಜವಾಗಿ ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಎಂದು ನೋಡಿ ನೋಡಿ ಹೊಸ ನಮೂನೆಯ ಸಾಮಾನು ಮಾಡಿದನಂತೆ. ಈ ಗಿಡ್ಡ ಕುರ್ಚಿ ಚಳಿಯಲ್ಲಿ ಬೆಂಕಿಯ ಹತ್ತಿರ ಕೂರುವುದಕ್ಕೆ. ಹೆಂಗಸರು ಅದರಲ್ಲಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. "ಅದಕ್ಕೇ ಇದಕ್ಕೆ ಕೈ ಇಲ್ಲ" ಎಂದು ಫೋರ್‌ಮನ್ ಗಾಳಿಯಲ್ಲಿ ಮಗು ತೂಗಿ ತೋರಿಸಿದರು. ಆಮೇಲೆ ಅಲ್ಲಿದ್ದಷ್ಟು ಕಾಲ ಅವನ ಕುರ್ಚಿ, ಮೇಜು, ಕಪಾಟು ಎಷ್ಟೋ ನನ್ನ ಕೈಯಿಂದ ದಾಟಿ ಹೋದವು. ಅವನ ಮುಖವನ್ನು ಫೋಟೋದಲ್ಲಿ ಕೂಡ ನೋಡಿದವನಲ್ಲ, ಆದರೂ ನನಗೆ ಅವನು ದೂರದ ಊರಿನಲ್ಲಿದ್ದ ಒಬ್ಬ ಮಾವನ ಹಾಗೆ.

ಊರಿಗೆ ಬಂದು ಶೆಡ್ಡು ಹಾಕಿದ ಮೇಲೆ ಆ ಮಾವನನ್ನು ಇಲ್ಲಿ ಪರಿಚಯಿಸಲು ನಾನು ಪಡಬಾರದ ಪಾಡು ಪಟ್ಟಿದ್ದೇನೆ. ನಮ್ಮ ಜನಕ್ಕೆ ಸೋಫಾ ಎಂದರೆ ಸಿಂಹದ ಕಾಲು ಬೇಕು, ಒರಗಿದರೆ ಬೆನ್ನಿಗೆ ನವಿಲಿನ ಕೊಕ್ಕು ಚುಚ್ಚಬೇಕು. ನಾನು ಸಪೂರ ಕಾಲಿನ ಕುರ್ಚಿ ತೋರಿಸಿದರೆ "ಮರ ಸಾಕಾಗಲಿಲ್ವಾ?" ಎಂದು ಕೇಳುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಹಾಗಾದರೆ ರಥ ಕಟ್ಟುವವರಿಗೆ ಹೇಳಿ ಮಾಡಿಸಿ ಎಂದು ಎಷ್ಟೋ ಗಿರಾಕಿಗಳನ್ನು ಓಡಿಸಿದ್ದೇನೆ.

ಆದರೆ ಅಕ್ಕನಿಗೆ ಬೇಕಾದದ್ದು ಅದೇ ಕುರ್ಚಿ. ಕೈ ಇಲ್ಲದ್ದು, ಗಿಡ್ಡದ್ದು, ತೊಡೆ ಸಮತಟ್ಟಾಗಿ ನಿಲ್ಲುವಂಥದ್ದು. ಒಂದು ಭಾನುವಾರ, ಶೆಡ್ಡಿನಲ್ಲಿ ಮಾಡುವ ಹಾಗೆ ತಲೆಗೆ ಟವೆಲು ಸುತ್ತಿ, ಟೇಪು ಹಿಡಿದುಕೊಂಡು ಅಕ್ಕನ ಮುಂದೆ ಕೂತೆ. ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಅಳೆದೆ. ಮೊರದ ಅಗಲವನ್ನೂ ಅಳೆದೆ. "ಎಂತ, ನನಗೆ ರವಿಕೆ ಹೊಲಿಸ್ತಿಯಾ?" ಎಂದು ಅಕ್ಕ ನಕ್ಕಳು. ಒಳಗಿನಿಂದ ನನ್ನ ಹೆಂಡತಿ, "ನನಗೆ ಒಂದು ಶೆಲ್ಫು ಮಾಡಿ ಕೊಡಿ ಅಂತ ಎಷ್ಟು ಸಮಯದಿಂದ ಹೇಳ್ತಾ ಇದ್ದೇನೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಒಣಗಿಸಿಟ್ಟ ಹಲಸಿನ ಹಲಗೆ ಇತ್ತು, ಅದನ್ನು ತೆಗೆದೆ. ಫ್ರಾನ್ಸಿನವನ ಅಳತೆಗಿಂತ ಸ್ವಲ್ಪ ಎತ್ತರ ಇಟ್ಟೆ, ಯಾಕೆಂದರೆ ಅವನ ಹೆಂಗಸರಿಗೆ ಮೊಣಕಾಲು ನೋವು ಇದ್ದಿರಲಾರದು. ಬೆನ್ನು ಅಷ್ಟು ಹಿಂದೆ ಮಲಗಿಸಲಿಲ್ಲ. ಬೀಡಿ ಕಟ್ಟುವವರು ಒರಗಿಕೊಂಡು ಕೆಲಸ ಮಾಡುವುದಿಲ್ಲ, ಸೊಂಟಕ್ಕೊಂದು ಆಧಾರ ಸಾಕು. ಕೂರುವ ಚೌಕಟ್ಟಿನ ಎರಡು ಬದಿಯ ಮರವನ್ನು ಮುಂದಕ್ಕೆ ಒಂದು ಹಿಡಿಯಷ್ಟು ಉದ್ದ ಬಿಟ್ಟು ತುದಿ ಉರುಟು ಮಾಡಿದೆ, ಏಳುವಾಗ ಅಂಗೈ ಊರಲು. ಕೂರುವಲ್ಲಿ ಬೆತ್ತ ಹೆಣೆದೆ. ಕಾಲಿನ ತುದಿಗೆ ಹಿತ್ತಾಳೆ ಹಾಕಿದೆ. ಅಡಿಭಾಗವನ್ನು ಮೇಲ್ಭಾಗದಷ್ಟೇ ಉಜ್ಜಿದೆ. ಇಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಗೂಡ್ಸ್ ರಿಕ್ಷಾದಲ್ಲಿ ಹೇರಿಕೊಂಡು ಮನೆಗೆ ತಂದಾಗ ಅಕ್ಕ ಕುರ್ಚಿಗೆ ಸುತ್ತು ಬಂದಳು. ಬೆತ್ತದ ಮೇಲೆ ಅಂಗೈ ಇಟ್ಟಳು, ಮರ ಮೂಸಿದಳು. "ಎಷ್ಟು ಚಂದ ಉಂಟು" ಎಂದಳು. ಕಣ್ಣಲ್ಲಿ ನೀರಿತ್ತು. ಕೂತುಕೊ ಎಂದರೆ, ಇವತ್ತು ಮಂಗಳವಾರ, ನಾಳೆ ಕೂರುತ್ತೇನೆ ಎಂದಳು. ಮರುದಿನ ಸಂಜೆ ಬಂದು ನೋಡುತ್ತೇನೆ, ಕುರ್ಚಿ ಚಾವಡಿಯಲ್ಲಿ, ಬಂದವರು ಕೂರುವ ಜಾಗದಲ್ಲಿದೆ. ಬೆನ್ನಿಗೆ ಅಕ್ಕನ ಪೆಟ್ಟಿಗೆಯಲ್ಲಿದ್ದ ಕಸೂತಿಯ ಬಟ್ಟೆ ಹೊದೆಸಿದೆ. "ಮಧ್ಯಾಹ್ನ ಜಗಲಿಗೆ ತಂದು ಕೂರ್ತೇನೆ. ಉಳಿದ ಹೊತ್ತು ಇಲ್ಲಿರಲಿ, ನಾಲ್ಕು ಜನ ನೋಡ್ಲಿ" ಎಂದಳು. ಒಳ್ಳೆಯ ಲೋಟ, ಒಳ್ಳೆಯ ಚಾಪೆ, ಒಳ್ಳೆಯ ತಲೆದಿಂಬು ಎಲ್ಲ ಬಂದವರಿಗೇ ಎತ್ತಿಡುವ ಮನೆ ನಮ್ಮದು. ನನಗೇನೂ ಅನುಮಾನ ಬರಲಿಲ್ಲ. ದಿನವೂ ಸಂಜೆ ಬೆತ್ತದ ಸಂದಿಯಲ್ಲಿ ಬೀಡಿ ಎಲೆಯ ಚೂರು ಕಾಣುತ್ತಿತ್ತು. ಅದನ್ನು ಬೆರಳಿನಿಂದ ತೆಗೆಯುತ್ತ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಕ್ಕ ಕೂತಳೆಂದು ನಾನು ನಂಬಲಿ ಅಂತ ಆ ಚೂರುಗಳನ್ನು ನನ್ನ ಹೆಂಡತಿಯೇ ದಿನವೂ ಉದುರಿಸಿಡುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು.

ಮಳೆ ಕಡಿಮೆಯಾಗುತ್ತಿದ್ದ ಒಂದು ದಿನ ಶೆಡ್ಡಿನಲ್ಲಿ ಕರೆಂಟು ಹೋಯಿತು. ಲೈನಿನ ಕೆಲಸ, ಇನ್ನು ಸಂಜೆಗೇ ಬರುವುದು ಎಂದರು. ಬಾಗಿಲು ಹಾಕಿ ಬಸ್ಸು ಹತ್ತಿದೆ, ಹೊಸಂಗಡಿಯಲ್ಲಿ ಇಳಿದು ಜೀಪು ಹಿಡಿದೆ. ಮನೆಯ ಅಂಗಳಕ್ಕೆ ಬರುವಾಗ ಜಗಲಿಯಿಂದ ಮಾತು ಕೇಳಿತು. "ಗಟ್ಟಿ ಹಿಡ್ಕೊ. ಉಸಿರು ಬಿಡು. ಹಾಂ, ಈಗ!" ಬಾವಿಕಟ್ಟೆಯ ಹತ್ತಿರ ನಿಂತು ನೋಡಿದೆ. ಅಕ್ಕ ನೆಲದಲ್ಲಿ ಕೂತಿದ್ದಳು. ಪಕ್ಕದ ಮನೆಯ ಬ್ಯಾರಿ ಹೆಂಗಸು ಅವಳ ಬಲ ತೋಳನ್ನು, ಇನ್ನೊಬ್ಬಳು ಎಡ ತೋಳನ್ನು ಹಿಡಿದಿದ್ದರು, ಮೂರನೆಯವಳು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟಿದ್ದಳು. ಮೂವರೂ ಸೇರಿ ಅವಳನ್ನು ಎತ್ತಿದರು. ಅಕ್ಕ ತುಟಿ ಕಚ್ಚಿ ಹಿಡಿದಿದ್ದಳು, ಮುಖ ಬೆಳ್ಳಗಾಗಿತ್ತು. ನಿಲ್ಲಲು ಬಂದದ್ದೇ ತಡ, ಜೋರಾಗಿ ನಗಲು ಸುರುಮಾಡಿದಳು. ತನಗೆ ಏನೂ ಆಗಿಲ್ಲ ಎಂದು ಅವರಿಗೆ ತೋರಿಸುವ ನಗು ಅದು. ದಿನವೂ ಹೀಗೇ ನಡೆಯುತ್ತಿತ್ತು ಎನ್ನುವುದು ಅವರು ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಎಂತ ಅಕ್ಕ ಇದು?" ಎಂದು ಕಿರುಚಿದೆ.

ಎಲ್ಲರೂ ತಿರುಗಿದರು. ನನ್ನ ಹೆಂಡತಿ ಮೆಲ್ಲಗೆ ಒಳಗೆ ಸರಿದಳು.

"ಬಂದ್ಯಾ? ಇಷ್ಟು ಬೇಗ? ಚಾ ಮಾಡ್ತೇನೆ ನಿಲ್ಲು" ಎಂದಳು ಅಕ್ಕ.

"ಚಾವೂ ಬೇಡ, ಎಂತದೂ ಬೇಡ. ಕೈ ತಾಗ್ತದೆ ಅಂದಿ, ಕೈ ಇಲ್ಲದ್ದು ಮಾಡಿದೆ. ಬೆನ್ನಿಗೆ ಬೇಕು ಅಂದಿ, ಅದೂ ಮಾಡಿದೆ. ಇನ್ನು ಎಂತ ಆಗ್ಬೇಕು ಹೇಳು. ಅದನ್ನೂ ಮಾಡ್ತೇನೆ. ನೀನು ನಡೆಯದೆ ಮಂಚ ಹಿಡಿಯುವುದನ್ನು ನಾನು ನೋಡ್ಬೇಕಾ?" ನನಗೆ ಆ ಮೂವರ ಮುಂದೆ ಅಳು ಬಂತು, ತಡೆಯಲಾಗಲಿಲ್ಲ.

ಅಕ್ಕ ಕಂಬ ಹಿಡಿದು ನಿಂತಳು. "ಕುರ್ಚಿಯದ್ದು ಏನೂ ತಪ್ಪಿಲ್ಲ ಮಗಾ" ಎಂದಳು. "ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ನೀನು ಸಣ್ಣದಿರುವಾಗ ನನ್ನೊಟ್ಟಿಗೆ ಬರ್ತಿದ್ದೆ ಅಲ್ವಾ? ಅಲ್ಲಿ ಬೀಡಿ ನೋಡುವವನು ಕುರ್ಚಿಯಲ್ಲಿ ಕೂರ್ತಾನೆ. ನಾವೆಲ್ಲ ಕೆಳಗೆ. ಅವನು ಮೇಲಿನಿಂದ ನೋಡಿ ಇದು ಆಗ್ತದೆ, ಇದು ಆಗುವುದಿಲ್ಲ ಅಂತ ಬಿಸಾಡ್ತಾನೆ. ಇಷ್ಟು ವರ್ಷ ನಾವು ನಾಲ್ಕೂ ಜನ ಒಟ್ಟಿಗೆ ಅವನ ಕಾಲಬುಡದಲ್ಲಿ ಕೂತವರು. ಇಲ್ಲಿ ನಮ್ಮ ಜಗಲಿಯಲ್ಲಿ ಇವರು ಕೆಳಗೆ ಕೂತಿರುವಾಗ ನಾನೊಬ್ಬಳು ಮೇಲೆ ಹೇಗೆ ಕೂರುವುದು? ನನ್ನಿಂದ ಆಗುವುದಿಲ್ಲ."

ಮೊಣಕೈ, ಬೆನ್ನು, ತೊಡೆ, ಮೊರ ಎಂದು ನಾನು ಅಳೆದದ್ದೇ ಅಳೆದದ್ದು. ಶಾರ್ಜಾದಿಂದ ತಂದ ವಿದ್ಯೆಯಲ್ಲಿ ಬ್ರಾಂಚಿನ ಆ ಕುರ್ಚಿಗೆ ಉತ್ತರ ಇರಲಿಲ್ಲ. ಆ ಕುರ್ಚಿ ನನಗೂ ನೆನಪಿತ್ತು, ಕಬ್ಬಿಣದ್ದು, ಕೂರುವಲ್ಲಿ ಗೋಣಿ ಮಡಚಿ ಹಾಕಿದ್ದು.

ಉತ್ತರ ಕೊಟ್ಟದ್ದು ಪಕ್ಕದ ಮನೆಯವಳು. "ನಮಗೆ ಹಾಗೆ ಅನ್ನಿಸ್ತದೆ ಅಂತ ನಿನಗೆ ಯಾರು ಹೇಳಿದ್ದು? ನಮ್ಮ ಹತ್ರ ಒಂದು ಮಾತು ಕೇಳಿದ್ಯಾ ನೀನು?" ಎಂದು ಅಕ್ಕನ ಮೇಲೆ ಹರಿಹಾಯ್ದಳು. "ನಿನ್ನನ್ನು ಎತ್ತುವಾಗ ದಿನಾ ನನ್ನ ಎದೆ ಹೊಡ್ಕೊಳ್ತದೆ. ಮನೆಗೆ ಹೋಗಿ ನಮಾಜಿಗೆ ನಿಂತರೂ ನಿನ್ನ ಕಾಲೇ ಕಣ್ಣಿಗೆ ಬರ್ತದೆ. ಒಂದು ದಿವಸ ನಮ್ಮ ಕೈ ಜಾರಿ ನೀನು ಬಿದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತುವುದು ಹೇಗೆ? ಇವತ್ತು ಹೇಳ್ತೇನೆ ಕೇಳು. ನಾಳೆಯಿಂದ ನೀನು ನೆಲದಲ್ಲಿ ಕೂತ್ರೆ ನಾನು ಬರುವುದಿಲ್ಲ."

ಉಳಿದಿಬ್ಬರೂ ಮೊರ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು, ಹೊರಡುವವರ ಹಾಗೆ.

ಅಕ್ಕ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಬಸ್ಸಿನಲ್ಲಿ ಒಮ್ಮೆ, ಈಗ ಎರಡನೆಯ ಸಲ. ನಾನು ಕಣ್ಣೊರೆಸಿಕೊಂಡು ಚಾವಡಿಗೆ ಹೋದೆ. ಕಸೂತಿ ಬಟ್ಟೆ ತೆಗೆದು ಬದಿಗಿಟ್ಟು ಕುರ್ಚಿಯನ್ನು ಜಗಲಿಗೆ ತಂದೆ. ಅವರು ದಿನವೂ ಕೂರುವ ಸುತ್ತಿನಲ್ಲಿ ಅಕ್ಕನ ಜಾಗದಲ್ಲೇ ಹಾಕಿದೆ. ಹಾಕಿ, ಅದರ ಕಾಲಿನ ಬದಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವಳ ಕತ್ತರಿ ತೆಗೆದುಕೊಂಡೆ. ಬೀಡಿ ಕಟ್ಟುವ ಮನೆಯಲ್ಲಿ ಹುಟ್ಟಿದವರಿಗೆ ಎಲೆ ಕತ್ತರಿಸಲು ಯಾರೂ ಕಲಿಸಬೇಕಾಗಿಲ್ಲ.

"ಪ್ಯಾಂಟು ಮಣ್ಣಾಗ್ತದೆ, ಏಳು" ಎಂದಳು ಅಕ್ಕ.

"ಆಗ್ಲಿ" ಎಂದೆ.

ಅಕ್ಕ ಕುರ್ಚಿಯ ಬೆನ್ನು ಹಿಡಿದಳು, ತಿರುಗಿದಳು, ಮೆಲ್ಲಗೆ ಕೂತಳು. ಬೆತ್ತ ಸಣ್ಣಗೆ ಕಿರುಗುಟ್ಟಿತು. ಪಕ್ಕದ ಮನೆಯವಳು ಮೊರವನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟಳು. ಮೊರ ಜಾರಲಿಲ್ಲ, ವಾಲಲಿಲ್ಲ. ಅಕ್ಕ ಒಂದು ಎಲೆ ತೆಗೆದು, ಹುಡಿ ಹಾಕಿ ಸುತ್ತಿದಳು. ಮೊಣಕೈ ಎರಡೂ ಬದಿಗೆ ಅಗಲಿತು, ಎಲ್ಲೂ ತಾಗಲಿಲ್ಲ. ಇನ್ನೊಂದು ಎಲೆ ತೆಗೆದಳು.

"ಅಲ್ಲಿಂದ ನಮ್ಮ ಮೊರ ಎಲ್ಲ ಚಂದ ಕಾಣ್ತದೆ ಅಲ್ವಾ?" ಎಂದಳು ಪಕ್ಕದ ಮನೆಯವಳು ಕೆಳಗೆ ಕೂರುತ್ತ. "ಇನ್ನು ನನ್ನ ಬೀಡಿ ದಪ್ಪ ಅಂತ ಬ್ರಾಂಚಿನವನ ಹಾಗೆ ಬಿಸಾಡ್ಬೇಡ, ಗೊತ್ತಾಯ್ತಾ?"

"ದಪ್ಪ ಇದ್ದದ್ದನ್ನು ದಪ್ಪ ಅಂತ ಹೇಳದೆ ಮತ್ತೆಂತ ಹೇಳ್ಲಿಕ್ಕುಂಟು?" ಎಂದಳು ಅಕ್ಕ. ನಾಲ್ವರೂ ನಕ್ಕರು. ಈ ನಗು ಬೇರೆಯಾಗಿತ್ತು. ಯಾವುದೋ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ಕಥೆ ಅರ್ಧಕ್ಕೆ ನಿಂತಿತ್ತು, ಅದು ಮುಂದುವರಿಯಿತು. ನನ್ನ ಹೆಂಡತಿ ಐದು ಲೋಟ ಚಾ ತಂದು, ನನ್ನ ಮುಖ ನೋಡದೆ ಇಟ್ಟು ಹೋದಳು.

ನಾನು ತಲೆ ತಗ್ಗಿಸಿ ಎಲೆ ಕತ್ತರಿಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಲೆಯ ಮೇಲೆ ಏನೋ ತಾಗಿತು. ಅಕ್ಕನ ಕೈ. ಒರಟು ಬೆರಳುಗಳು ನನ್ನ ನೆತ್ತಿಯನ್ನು ಸವರಿದವು, ಅಲ್ಲೇ ನಿಂತವು.

"ತಮ್ಮಾ, ನಿನಗೆ ಇಲ್ಲಿ ಕೂದಲೇ ಇಲ್ವಲ್ಲ" ಎಂದಳು.

ಅವಳ ದನಿ ಸಣ್ಣದಾಗಿತ್ತು. ನಾನು ಅವಳಿಗಿಂತ ಎತ್ತರವಾದದ್ದು ಹೈಸ್ಕೂಲಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವಳು ನೆಲದಲ್ಲಿ, ನಾನು ಬೆಂಚಿನಲ್ಲೋ ಕುರ್ಚಿಯಲ್ಲೋ. ನನ್ನ ನೆತ್ತಿಯನ್ನು ಅವಳು ನೋಡಿರಲೇ ಇಲ್ಲ.

"ಗಲ್ಫಿನಲ್ಲೇ ಹೋಯ್ತು ಅಕ್ಕ. ಅಲ್ಲಿಯ ನೀರು ಹಾಗೆ" ಎಂದೆ.

"ಎಷ್ಟು ವರ್ಷ ಆಯ್ತು, ನನಗೆ ಗೊತ್ತೇ ಆಗ್ಲಿಲ್ಲ ಮಾರಾಯ" ಎಂದಳು. ಮೊರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕೊಬ್ಬರಿ ಎಣ್ಣೆಯ ಬಾಟ್ಲಿ ತರಲು ಒಳಗೆ ಕೂಗಿ ಹೇಳಿದಳು. ಎದುರಿಗಿದ್ದ ಮೂವರು ಕೈ ನಿಲ್ಲಿಸಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಏಳಲು ಹೊರಟೆ.

"ಅಲುಗಬೇಡ, ಕೂತ್ಕೊ" ಎಂದಳು ಅಕ್ಕ.

ನಾನು ಕೂತೆ.